ಒಂದೇ ಫ್ರಿಜ್ಜಿನಲ್ಲಿ ಎರಡು ಇನ್ಸುಲಿನ್: ಸೊಂಟದ ಆಪರೇಷನ್ ಆದ ಅಜ್ಜಿಯ ಮನೆ ಆರೈಕೆಯ ಪ್ರಕರಣ

ಅಜ್ಜಿಗೆ ಎಪ್ಪತ್ತು ದಾಟಿತ್ತು. ಊರು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಎಡ ತೊಡೆಮೂಳೆ ಸೊಂಟದ ಕೀಲಿಗೆ ಸೇರುವ ಜಾಗದಲ್ಲೇ ಮುರಿದಿತ್ತು. ಆಸ್ಪತ್ರೆಯಲ್ಲಿ ತೊಡೆಮೂಳೆ ತುದಿಯ ಮುರಿದ ಗುಂಡು ತೆಗೆದು ಲೋಹದ ಗುಂಡು ಕೂರಿಸಿ, ವಾರದೊಳಗೆ ಮನೆಗೆ ಕಳಿಸಿದ್ದರು. ಮೊದಲಿನಿಂದಲೂ ಶುಗರ್, ಬಿಪಿ ಎರಡೂ ಇದ್ದವು. ಡ್ರೆಸ್ಸಿಂಗ್ ಮಾಡಲು, ಒಟ್ಟು ಆರೈಕೆ ನೋಡಿಕೊಳ್ಳಲು ಹೋಗುತ್ತಿದ್ದ ನರ್ಸ್ ನಾನು. ಗುರುತು ಸಿಗದಿರಲಿ ಎಂದು ಮನೆಯವರ ಕೆಲವು ವಿವರ ಬದಲಿಸಿದ್ದೇನೆ. ಔಷಧಿ, ಪ್ರಮಾಣ, ನಡೆದ ಘಟನೆ ಮಾತ್ರ ಇದ್ದ ಹಾಗೇ ಇವೆ.

ಮನೆ, ಮಂದಿ, ಸಾಮಾನು

ಮನೆಯಲ್ಲಿ ಮಗ, ಸೊಸೆ, ಓದುವ ಮಕ್ಕಳು. ಮಗಳು ಬೇರೆ ಊರಿನಲ್ಲಿದ್ದು ಶನಿವಾರ, ಭಾನುವಾರ ಬರುತ್ತಿದ್ದರು. ಹಗಲು ಹೊತ್ತಿಗೆ ಏಜೆನ್ಸಿಯಿಂದ ಒಬ್ಬ ಹುಡುಗಿಯನ್ನು ಇಟ್ಟುಕೊಂಡಿದ್ದರು. ಎಲ್ಲರೂ ಅವಳನ್ನು 'ಹೋಮ್ ನರ್ಸ್' ಅಂತಲೇ ಕರೆಯುತ್ತಿದ್ದರು. ಆದರೆ ಅವಳು ನರ್ಸಿಂಗ್ ಓದಿದವಳಲ್ಲ. ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಇಲ್ಲ. ಕೆಲವು ತಿಂಗಳ ತರಬೇತಿ ಪಡೆದ ಸಹಾಯಕಿ ಅಷ್ಟೇ. ರೋಗಿಯನ್ನು ಎಬ್ಬಿಸುವುದು, ಕೂರಿಸುವುದು, ಮೈ ಒರೆಸುವುದು, ಮಗ್ಗುಲು ಬದಲಿಸುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು. ಇಂಜೆಕ್ಷನ್ ಅವಳ ಕೆಲಸವಲ್ಲ. ಇದನ್ನು ಮೊದಲ ದಿನವೇ ಮನೆಯವರಿಗೆ ಬಿಡಿಸಿ ಹೇಳಬೇಕಾಯಿತು. ಮಗನಿಗೆ ಸ್ವಲ್ಪ ಬೇಸರವಾಯಿತು. 'ಅಷ್ಟು ದುಡ್ಡು ಕೊಡ್ತೀವಿ, ಸೂಜಿ ಹಾಕಲ್ಲ ಅಂದ್ರೆ ಹೇಗೆ ಸಿಸ್ಟರ್?' ಅಂದರು. ಅವರ ಪ್ರಶ್ನೆ ನ್ಯಾಯವಾದದ್ದೇ. ಏಜೆನ್ಸಿಗಳು ಇದನ್ನು ಮುಂಚೆಯೇ ಹೇಳುವುದು ಕಡಿಮೆ.

ಇಂಜೆಕ್ಷನ್‌ಗಳು ಎರಡು ಬಗೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಎಂದು ಎನೋಕ್ಸಾಪರಿನ್ 40 ಮಿಲಿಗ್ರಾಂ, ದಿನಕ್ಕೊಂದು, ಹೊಟ್ಟೆಯ ಚರ್ಮದಡಿಗೆ. ಇನ್ನೊಂದು ಇನ್ಸುಲಿನ್, 30/70 ಮಿಶ್ರಣ (30 ಭಾಗ ಬೇಗ, 70 ಭಾಗ ನಿಧಾನವಾಗಿ ಕೆಲಸ ಮಾಡುವಂಥದ್ದು), ಬೆಳಗ್ಗೆ 14 ಯೂನಿಟ್, ರಾತ್ರಿ 8. ಆಸ್ಪತ್ರೆಗಳಲ್ಲಿ ಇವೆರಡನ್ನೂ ಹೆಚ್ಚು ಅಪಾಯದ ಔಷಧಿಗಳ ಪಟ್ಟಿಯಲ್ಲಿ ಇಡುತ್ತಾರೆ. ಒಬ್ಬರು ತೆಗೆದದ್ದನ್ನು ಇನ್ನೊಬ್ಬರು ನೋಡದೆ ಕೊಡುವಂತಿಲ್ಲ. ಮನೆಯಲ್ಲಿ ಎರಡೂ ಫ್ರಿಜ್ ಮೇಲೆ, ಕರಿಬೇವಿನ ಬುಟ್ಟಿ ಪಕ್ಕ ಇದ್ದವು. ಬಳಸುತ್ತಿರುವ ಇನ್ಸುಲಿನ್ ಪೆನ್ (ಒಳಗೇ ಔಷಧಿ ಇದ್ದು, ತುದಿಗೆ ಸೂಜಿ ಹಾಕಿ ಚುಚ್ಚುವ ಪೆನ್ನಿನಂಥ ಸಾಧನ) ಹೊರಗಿದ್ದರೂ ಪರವಾಗಿಲ್ಲ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಫ್ರೀಜರ್ ಹತ್ತಿರ ಹೋಗಬಾರದು. ಅದನ್ನು ಫ್ರಿಜ್ಜಿನ ಬಾಗಿಲಿಗೆ ಸೇರಿಸಿದೆವು.

ಮನೆಯವರು ತಯಾರಿಯಲ್ಲಿ ಯಾವ ಕೊರತೆಯನ್ನೂ ಮಾಡಿರಲಿಲ್ಲ. ಗ್ಲೌಸ್ ಡಬ್ಬಗಳು, ಮಾಸ್ಕ್, ಡೆಟಾಲ್, ಫಿನಾಯಿಲ್, ಸ್ಯಾನಿಟೈಸರ್, ಕಮೋಡ್ ಕುರ್ಚಿ, ವಾಕರ್. ರೂಮು ಆಸ್ಪತ್ರೆಯ ವಾಸನೆಯೇ ಹೊಡೆಯುತ್ತಿತ್ತು. 'ಆಸ್ಪತ್ರೆ ಥರಾನೇ ಮಾಡಿದ್ದೀವಿ ನೋಡಿ' ಎಂಬ ಹೆಮ್ಮೆ ಅವರದು. ಸಾಮಾನೆಲ್ಲ ಆಸ್ಪತ್ರೆಯದೇ ಬಂದಿತ್ತು. ಅಲ್ಲಿ ಒಂದು ಪಾಳಿಯವರು ಇನ್ನೊಂದು ಪಾಳಿಗೆ ಕೆಲಸ ಒಪ್ಪಿಸಿ ಹೋಗುವ ಪದ್ಧತಿ ಮಾತ್ರ ಬಂದಿರಲಿಲ್ಲ. ಈ ಪ್ರಕರಣದ ತಾಪತ್ರಯವೆಲ್ಲ ಹುಟ್ಟಿದ್ದು ಅಲ್ಲೇ.

ಮೊದಲ ವಾರ

ಗ್ಲೌಸ್‌ನಿಂದಲೇ ಶುರು ಮಾಡುತ್ತೇನೆ. ಸಹಾಯಕಿ ಬೆಳಗ್ಗೆ ಒಂದು ಜೊತೆ ಹಾಕಿದರೆ ಮಧ್ಯಾಹ್ನದವರೆಗೂ ಅದೇ. ಕಮೋಡ್ ತೊಳೆದ ಕೈ ಸೀದಾ ಫ್ರಿಜ್ ಬಾಗಿಲಿಗೆ. ಅಲ್ಲಿಂದ ಮಾತ್ರೆ ಡಬ್ಬಿಗೆ, ಆಮೇಲೆ ಅಜ್ಜಿಯ ನೀರಿನ ಲೋಟಕ್ಕೆ. ತನ್ನ ಕೈ ಶುಚಿಯಾಗಿದೆ ಎಂಬ ನಂಬಿಕೆ ಅವಳಿಗೆ ಇತ್ತು. ನಿಜವಾಗಿ ಶುಚಿಯಾಗಿದ್ದದ್ದು ಗ್ಲೌಸಿನ ಒಳಭಾಗ. ಬರಿಗೈ ಆಗಿದ್ದರೆ ಅಸಹ್ಯಕ್ಕಾದರೂ ಕೈ ತೊಳೆಯುತ್ತಿದ್ದಳು.

ಬೈಯುವುದರಿಂದ ಇದು ಸರಿಹೋಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೈ ಶುಚಿಗೆ ಐದು ಸಂದರ್ಭ ಹೇಳುತ್ತದೆ. ರೋಗಿಯನ್ನು ಮುಟ್ಟುವ ಮುಂಚೆ, ಸೂಜಿ-ಡ್ರೆಸ್ಸಿಂಗ್‌ನಂಥ ಶುದ್ಧ ಕೆಲಸಕ್ಕೆ ಮುಂಚೆ, ಮಲಮೂತ್ರ ಅಥವಾ ರಕ್ತ ತಾಗಿದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ರೋಗಿಯ ಸುತ್ತಲಿನ ವಸ್ತು ಮುಟ್ಟಿದ ಮೇಲೆ. ವಾರ್ಡಿನಲ್ಲಿ ಐದೂ ಬೇಕು. ಮನೆಯಲ್ಲಿ ಮೊಮ್ಮಗ ಅಜ್ಜಿಯ ಮಂಚದ ಮೇಲೇ ಕೂತು ಹೋಮ್‌ವರ್ಕ್ ಮಾಡುತ್ತಾನೆ. ಅಲ್ಲಿ ಐದನ್ನೂ ಹೇಳಿದರೆ ಒಂದೂ ಉಳಿಯುವುದಿಲ್ಲ. ಮುಖ್ಯವಾದ ಎರಡನ್ನು ಮಾತ್ರ ಹಟ ಹಿಡಿದು ಉಳಿಸಿಕೊಂಡೆ: ಸೂಜಿ, ಮಾತ್ರೆ, ಗಾಯ ಮುಟ್ಟುವ ಮುಂಚೆ, ಕಮೋಡ್, ಡೈಪರ್ ಮುಟ್ಟಿದ ಮೇಲೆ. ಗ್ಲೌಸ್ ಡಬ್ಬವನ್ನು ರೂಮಿನಿಂದ ತೆಗೆದು ಬಚ್ಚಲಲ್ಲಿ ಇಟ್ಟೆವು. ಅಲ್ಲೇ ಹಾಕಿ, ಅಲ್ಲೇ ಬಿಚ್ಚಿ, ಸೋಪಿನಲ್ಲಿ ಕೈ ತೊಳೆದೇ ಹೊರಗೆ ಬರಬೇಕು. ಸ್ಯಾನಿಟೈಸರ್ ಬಾಟಲಿ ಮಂಚದ ಕಾಲಿಗೆ ಕಟ್ಟಿದೆವು. ಎರಡು ದಿನದಲ್ಲಿ ರೂಢಿಯಾಯಿತು. ಭಾಷಣಕ್ಕಿಂತ ಡಬ್ಬದ ಜಾಗ ಬದಲಿಸಿದ್ದೇ ಕೆಲಸ ಮಾಡಿತು.

ಇನ್ನೊಂದು, ಔಷಧಿ ಪಟ್ಟಿ. ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನಲ್ಲಿತ್ತು. ಇನ್ಸುಲಿನ್ ಪ್ರಮಾಣದ ಮುಂದೆ ಯೂನಿಟ್ ಎನ್ನಲು ಬರೀ 'ಯು' ಅಕ್ಷರ. ಅವಸರದಲ್ಲಿ ಅದು ಸೊನ್ನೆಯಂತೆ ಕಂಡು 8 ಹೋಗಿ 80 ಆಗುತ್ತದೆ. ಹಾಗೆ ಬರೆಯಬಾರದು ಎಂಬ ನಿಯಮ ಬಂದದ್ದೇ ಆ ಕಾರಣಕ್ಕೆ. ಕನ್ನಡದಲ್ಲಿ 'ಯೂನಿಟ್' ಎಂದು ಪೂರ್ತಿ ಬರೆದು ಪಟ್ಟಿ ಮಾಡಿ ಬೀರುವಿಗೆ ಅಂಟಿಸಿದೆವು. ಕೊಟ್ಟಾಗ ಟಿಕ್ ಹಾಕಬೇಕು. ಒಂದು ಬೆಳಗ್ಗೆ ಹೋಗಿ ನೋಡಿದರೆ ರಾತ್ರಿಯ ಮಾತ್ರೆಗೂ ಟಿಕ್ ಬಿದ್ದಿತ್ತು! ಮಗ ಕೆಲಸಕ್ಕೆ ಹೊರಡುವ ಮುಂಚೆ 'ಇವತ್ತಿನದು ಇಷ್ಟು' ಎಂದು ಎಲ್ಲಕ್ಕೂ ಗುರುತು ಹಾಕಿದ್ದರು. ಅವರ ಲೆಕ್ಕದಲ್ಲಿ ಟಿಕ್ ಎಂದರೆ 'ಕೊಡಬೇಕು', ಸೊಸೆಯ ಲೆಕ್ಕದಲ್ಲಿ 'ಕೊಟ್ಟಾಯಿತು'. ಟಿಕ್ ತೆಗೆದೆವು. ಅಜ್ಜಿ ನುಂಗಿದ ಮೇಲೆ ಕೊಟ್ಟವರು ಗಂಟೆ ಬರೆದು ತಮ್ಮ ಹೆಸರಿನ ಮೊದಲಕ್ಷರ ಹಾಕಬೇಕು ಎಂದಾಯಿತು.

ಪಟ್ಟಿಯ ಕೆಳಗೆ ಇನ್ನೊಂದು ಹಾಳೆ ಅಂಟಿಸಿದ್ದೆ. ಬೆವರು, ನಡುಕ, ತೊದಲು ಮಾತು ಕಂಡರೆ ಮೊದಲು ಶುಗರ್ ನೋಡಿ. 70ಕ್ಕಿಂತ ಕಡಿಮೆ ಇದ್ದು, ನುಂಗಲು ಆಗುತ್ತಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ. ಕೆಳಗೆ ಆಸ್ಪತ್ರೆಯ ನಂಬರ್. ಅಷ್ಟೇ.

ಭಾನುವಾರ ರಾತ್ರಿ

ಆ ಭಾನುವಾರ ಪೆನ್ನಿಗೆ ಹಾಕುವ ಸೂಜಿ ಮುಗಿದಿತ್ತು. ಸಂಜೆ ನೋಡಿದರೆ ಹತ್ತಿರದ ಮೆಡಿಕಲ್ ಸ್ಟೋರ್ ಬಾಗಿಲು ಹಾಕಿತ್ತು. ಊರಿಂದ ಬಂದಿದ್ದ ಮಗಳು 'ಬಿಡಿ, ನಾನು ಕೊಡ್ತೀನಿ' ಅಂದರು. ಅಮ್ಮನಿಗೆ ವರ್ಷಗಟ್ಟಲೆ ಇನ್ಸುಲಿನ್ ಕೊಟ್ಟ ಕೈ ಅದು. ಆಪರೇಷನ್‌ಗೆ ಮುಂಚಿನ ಸಿರಿಂಜ್‌ಗಳು ಫ್ರಿಜ್ಜಿನ ಬಾಗಿಲಲ್ಲೇ ಇದ್ದವು, ಕೆಂಪು ಕ್ಯಾಪಿನವು. ಪೆನ್ನಿನೊಳಗಿನ ಕಾರ್ಟ್ರಿಜ್, ಅಂದರೆ ಇನ್ಸುಲಿನ್ ತುಂಬಿದ ಕೊಳವೆ, ತೆಗೆದು, ಆ ಸಿರಿಂಜಿನಿಂದ 8ರ ಗೆರೆಯವರೆಗೆ ಎಳೆದು ಕೊಟ್ಟರು.

ಇಲ್ಲಿ ಒಂದು ಲೆಕ್ಕ ತಿಳಿದಿರಬೇಕು. ನಮ್ಮಲ್ಲಿ ಇನ್ಸುಲಿನ್ ಎರಡು ಸಾಂದ್ರತೆಯಲ್ಲಿ ಸಿಗುತ್ತದೆ. ಸೀಸೆಯಲ್ಲಿ ಬರುವುದು ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್. ಪೆನ್ನಿನ ಕಾರ್ಟ್ರಿಜ್‌ನಲ್ಲಿ ಒಂದು ಮಿಲಿಲೀಟರಿಗೆ 100 ಯೂನಿಟ್. ಸಿರಿಂಜ್‌ಗಳೂ ಎರಡು ಬಗೆ: ಕೆಂಪು ಕ್ಯಾಪ್ 40ರದ್ದು, ಕಿತ್ತಳೆ ಕ್ಯಾಪ್ 100ರದ್ದು. ಕೆಂಪು ಕ್ಯಾಪಿನ ಸಿರಿಂಜಿನಲ್ಲಿ 8ರ ಗೆರೆ ಅಂದರೆ 0.2 ಮಿಲಿಲೀಟರ್. ಅಷ್ಟನ್ನೇ ಕಾರ್ಟ್ರಿಜ್‌ನಿಂದ ಎಳೆದರೆ ಒಳಗೆ ಹೋಗುವುದು 20 ಯೂನಿಟ್. ಎರಡೂವರೆ ಪಟ್ಟು. ಉಲ್ಟಾ ಆದರೆ, ಅಂದರೆ ಕಿತ್ತಳೆ ಸಿರಿಂಜಿನಲ್ಲಿ ಸೀಸೆಯ ಇನ್ಸುಲಿನ್ ಎಳೆದರೆ, 8ರ ಬದಲು 3.2 ಯೂನಿಟ್ ಮಾತ್ರ ಹೋಗುತ್ತದೆ. ಆಗ ಸಕ್ಕರೆ ಇಳಿಯದೆ ಗಾಯ ಮಾಯುವುದು ತಡವಾಗುತ್ತದೆ. ಅದು ಸದ್ದಿಲ್ಲದೆ ಆಗುವ ಹಾನಿ, ಯಾರಿಗೂ ಗೊತ್ತೇ ಆಗುವುದಿಲ್ಲ. ಈ ಮನೆಯಲ್ಲಿ ಹಳೆಯ ಸೀಸೆಯದು, ಹೊಸ ಪೆನ್ನಿನದು, ಎರಡೂ ಇನ್ಸುಲಿನ್ ಒಂದೇ ಕಂಪನಿಯವು, ಎರಡೂ 30/70, ಪೆಟ್ಟಿಗೆಯ ಬಣ್ಣವೂ ಹೆಚ್ಚುಕಡಿಮೆ ಒಂದೇ.

ಜೊತೆಗೆ ಇನ್ನೊಂದು ಸೇರಿಕೊಂಡಿತು. ಸೂಜಿ ಎಂಟೂವರೆಗೆ ಆಯಿತು. ನೆಂಟರು ಬಂದಿದ್ದರಿಂದ ಊಟ ಹತ್ತಾಯಿತು, ಅದೂ ಅಜ್ಜಿ ಅರ್ಧ ಮುದ್ದೆ ಬಿಟ್ಟರು.

ರಾತ್ರಿ ಒಂದರ ಹೊತ್ತಿಗೆ ಅಜ್ಜಿ ಬೆವರಲು ಶುರು. ಏನೋ ಗೊಣಗುತ್ತಿದ್ದರು, ಅರ್ಥವಾಗುತ್ತಿರಲಿಲ್ಲ. ಮಗ ಸೆಕೆ ಎಂದುಕೊಂಡು ಫ್ಯಾನ್ ಜೋರು ಮಾಡಿದರು. ಆಪರೇಷನ್ ಆದ ವಯಸ್ಸಾದವರು ರಾತ್ರಿ ಹೊತ್ತು ಏನೇನೋ ಮಾತಾಡುತ್ತಾರೆ ಎಂದು ಆಸ್ಪತ್ರೆಯಲ್ಲೇ ಹೇಳಿದ್ದರಂತೆ. ಅದು ಸುಳ್ಳೇನಲ್ಲ. ಆ ಮಾತೇ ಇಲ್ಲಿ ಹತ್ತು ನಿಮಿಷ ತಿಂದಿತು. ಸೊಸೆ ಮಾತ್ರ ಲೈಟ್ ಹಾಕಿ ಬೀರುವಿನ ಮೇಲಿದ್ದ ಹಾಳೆ ನೋಡಿದರು. ಗ್ಲುಕೋಮೀಟರ್ 46 ತೋರಿಸಿತು. ಅಜ್ಜಿಯನ್ನು ಎತ್ತಿ ಕೂರಿಸಿ, ಒಂದು ಗುಟುಕು ನೀರು ಕುಡಿಸಿ ನುಂಗುತ್ತಾರಾ ನೋಡಿಕೊಂಡು, ಆಮೇಲೆ ಸಕ್ಕರೆ ನೀರು ಕೊಟ್ಟರು. ಹದಿನೈದು ನಿಮಿಷಕ್ಕೆ 61. ಮತ್ತೆ ಅಷ್ಟೇ ಸಕ್ಕರೆ. ಆಮೇಲೆ 92. 'ಯಾಕೆ ಎಲ್ಲ ಎದ್ದು ಕೂತಿದ್ದೀರಿ?' ಎಂದು ಅಜ್ಜಿ ಕೇಳಿದಾಗ ಮನೆಯವರಿಗೆ ಉಸಿರು ಬಂತು.

ಇಲ್ಲಿಗೆ ಬಿಟ್ಟು ಮಲಗಿದ್ದರೆ ಮತ್ತೆ ಇಳಿಯುತ್ತಿತ್ತು. ಮಿಶ್ರಣದ 70 ಭಾಗ ನಿಧಾನವಾಗಿ, ಗಂಟೆಗಟ್ಟಲೆ ಕೆಲಸ ಮಾಡುವಂಥದ್ದು. ಸೊಸೆ ರಾಗಿ ಗಂಜಿ ಕುಡಿಸಿ, ಆಸ್ಪತ್ರೆಗೆ ಫೋನ್ ಮಾಡಿದರು. ಡ್ಯೂಟಿ ಡಾಕ್ಟರ್ ಗಂಟೆಗೊಮ್ಮೆ ಶುಗರ್ ನೋಡಲು, ಬೆಳಗಿನ ಇನ್ಸುಲಿನ್ ತಮ್ಮನ್ನು ಕೇಳದೆ ಕೊಡದಿರಲು, ಬೆಳಗ್ಗೆ ಕರೆದುಕೊಂಡು ಬರಲು ಹೇಳಿದರು. ಆ ರಾತ್ರಿಯ ನಿರ್ಧಾರಗಳೆಲ್ಲ ಸೊಸೆಯದ್ದೇ.

'ಯಾರು' ಬಿಟ್ಟು 'ಹೇಗೆ'

ಸೋಮವಾರ ನಾನು ಹೋದಾಗ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. 'ಏನೂ ವ್ಯತ್ಯಾಸ ಆಗಿಲ್ಲ, ಅದೇ 8 ಯೂನಿಟ್ ಕೊಟ್ಟಿದ್ದು' ಎಂದರು ಮಗ. ಬಳಸಿದ ಸೂಜಿ ಹಾಕಲು ಇಟ್ಟಿದ್ದ ದಪ್ಪ ಪ್ಲಾಸ್ಟಿಕ್ ಡಬ್ಬ ತೆರೆದೆ. ಎಲ್ಲಕ್ಕಿಂತ ಮೇಲೆ ಕೆಂಪು ಕ್ಯಾಪಿನ ಸಿರಿಂಜ್ ಇತ್ತು. ಮಗಳಿಗೆ ಆಗಲೇ ಅಳು ಬಂದಿತ್ತು. ಮಗ 'ಅಕ್ಕಾ, ಗೊತ್ತಿಲ್ಲದಿದ್ದರೆ ಯಾಕೆ ಕೈ ಹಾಕೋಕೆ ಹೋದೆ?' ಎಂದು ಶುರು ಮಾಡಿದರು.

ಆ ಮಾತನ್ನು ಅಲ್ಲೇ ತಡೆದೆ. ಸಮಾಧಾನ ಮಾಡುವುದಕ್ಕಷ್ಟೇ ಅಲ್ಲ. ಆ ಜಗಳ ಮುಂದುವರಿದಿದ್ದರೆ ಮುಂದಿನ ಸಲ ಯಾರೂ ಬಾಯಿ ಬಿಡುತ್ತಿರಲಿಲ್ಲ, ಸಿರಿಂಜ್ ಡಬ್ಬಕ್ಕೂ ಬೀಳುತ್ತಿರಲಿಲ್ಲ. ಮತ್ತೆ, ಗೊತ್ತಿಲ್ಲದವರು ಮಾಡಿದ್ದಲ್ಲ ಇದು. ಚೆನ್ನಾಗಿ ಗೊತ್ತಿದ್ದವರು ಮಾಡಿದ್ದು. ಹಳೆಯ ಸೀಸೆಗೆ ಅವರ ಕೈ ನೂರಕ್ಕೆ ನೂರು ಸರಿ ಇತ್ತು. ಆಸ್ಪತ್ರೆಯಲ್ಲಿ ಸೀಸೆ ಹೋಗಿ ಪೆನ್ ಬಂದದ್ದನ್ನು ಸೊಸೆಗೆ ಹೇಳಿಕೊಟ್ಟಿದ್ದರು. ವಾರಕ್ಕೊಮ್ಮೆ ಬರುವ ಮಗಳಿಗೆ ಆ ಬದಲಾವಣೆಯನ್ನು ಯಾರೂ ಒಪ್ಪಿಸಿರಲಿಲ್ಲ. ಹೊಸಬಳಾದ ಸಹಾಯಕಿಯ ಮೇಲೆ ಮನೆಯವರು ಕಣ್ಣಿಟ್ಟಿದ್ದರು. ಅನುಭವಸ್ಥರ ಮೇಲೆ ಯಾರಿಗೂ ಅನುಮಾನವೇ ಬರಲಿಲ್ಲ.

ನೋಡಲು ಒಂದೇ ಥರ ಇರುವ ಔಷಧಿಗಳನ್ನು ಬೇರೆ ಬೇರೆ ಇಡಬೇಕು ಎಂದು ನಮ್ಮ ದೇಶದಲ್ಲಿ ಆಸ್ಪತ್ರೆಗಳಿಗೆ ಗುಣಮಟ್ಟದ ಮಾನ್ಯತೆ ಕೊಡುವ ಎನ್‌ಎಬಿಎಚ್‌ನ ಮಾನದಂಡವೂ ಆಸ್ಪತ್ರೆಗಳಿಗೆ ಹೇಳುತ್ತದೆ. ಮನೆಗೆ ಅದಕ್ಕಿಂತ ಬಿಗಿ ನಿಯಮ ಬೇಕು ಎನ್ನುವುದು ನನ್ನ ಅಭಿಪ್ರಾಯ: ಬೇರೆ ಇಡುವುದಲ್ಲ, ಒಂದೇ ಇರಬೇಕು. ಮಗ ಕಿತ್ತಳೆ ಕ್ಯಾಪಿನ ಸಿರಿಂಜ್ ತಂದಿಟ್ಟುಕೊಳ್ಳೋಣ, ಇನ್ನೊಮ್ಮೆ ಸೂಜಿ ಮುಗಿದರೆ ಆಗುತ್ತದೆ ಎಂದರು. ಬೇಡ ಎಂದೆ. ಕಾರ್ಟ್ರಿಜ್‌ನಿಂದ ಸಿರಿಂಜಿಗೆ ಎಳೆಯುವುದೇ ಸರಿಯಲ್ಲ. ಮೂರನೇ ಬಗೆ ಮನೆಗೆ ಬಂದರೆ ಗೊಂದಲ ಜಾಸ್ತಿ. ಹಳೆಯ ಸೀಸೆ, ಕೆಂಪು ಸಿರಿಂಜ್ ಎರಡೂ ಮನೆಯಿಂದ ಹೊರಗೆ ಹೋದವು. ಪೆನ್ ಸೂಜಿಯ ಒಂದು ಪೆಟ್ಟಿಗೆ ಹೆಚ್ಚಿಗೆ ತರಿಸಿದೆವು. ಕೊಡುವವರು ಸೊಸೆ ಅಥವಾ ಮಗ. ಪೆನ್ನಿನ ಕಿಟಕಿಯಲ್ಲಿ ಕಾಣುವ ಸಂಖ್ಯೆಯನ್ನು ಇನ್ನೊಬ್ಬರು ಗಟ್ಟಿಯಾಗಿ ಓದಬೇಕು. ಆ ಇನ್ನೊಬ್ಬರು ಹತ್ತನೇ ಕ್ಲಾಸಿನ ಮೊಮ್ಮಗಳಾದರೂ ಆದೀತು. ಸಂಖ್ಯೆ ಓದಲು ನರ್ಸಿಂಗ್ ಬೇಕಿಲ್ಲ.

ಹೊತ್ತಿನದ್ದೂ ಬಗೆಹರಿಯಿತು. 'ಊಟಕ್ಕೆ ಅರ್ಧ ಗಂಟೆ ಮುಂಚೆ' ಎಂದು ಚೀಟಿಯಲ್ಲಿ ಇತ್ತು. ಊಟ ಎಷ್ಟು ಹೊತ್ತಿಗೆ ಎಂಬುದೇ ಮನೆಯಲ್ಲಿ ದಿನಕ್ಕೊಂದು ಥರ. ಸೊಸೆಯೇ ಒಂದು ದಾರಿ ಹೇಳಿದರು: ಮುದ್ದೆಗೆ ಎಸರು ಇಟ್ಟ ಮೇಲೆ ಸೂಜಿ. ಎಸರು ಕಾದು, ಹಿಟ್ಟು ಬೆಂದು, ಮುದ್ದೆ ಕಟ್ಟುವ ಹೊತ್ತಿಗೆ ಅರ್ಧ ಗಂಟೆ ಆಗೇ ಆಗುತ್ತದೆ. ಎಸರು ಇಟ್ಟಿದ್ದಾರೆ ಎಂದರೆ ಊಟ ಖಂಡಿತ ಬರುತ್ತದೆ ಎಂದೂ ಅರ್ಥ. ನಾನು ಹೇಳಿಕೊಟ್ಟ ಯಾವ ನಿಯಮವೂ ಅಷ್ಟು ಚೆನ್ನಾಗಿ ಪಾಲನೆಯಾಗಲಿಲ್ಲ.

ಡಬ್ಬಿ ಸುರಿದಾಗ ಸಿಕ್ಕಿದ್ದು

ಫ್ರಿಜ್ ಖಾಲಿ ಮಾಡುವಾಗಲೇ ಬಿಸ್ಕತ್ ಡಬ್ಬಿಯಲ್ಲಿದ್ದ ಹಳೆ ಮಾತ್ರೆಗಳನ್ನೂ ಹಾಸಿಗೆ ಮೇಲೆ ಸುರಿದೆವು. ಬಿಪಿ ಮಾತ್ರೆ ಟೆಲ್ಮಿಸಾರ್ಟನ್ ಎರಡು ಹೆಸರಲ್ಲಿ ಇತ್ತು. ಒಂದು ಊರಿನ ಡಾಕ್ಟರ್ ಬರೆದದ್ದು, ಇನ್ನೊಂದು ಆಸ್ಪತ್ರೆಯದ್ದು. ಕಂಪನಿ ಬೇರೆ, ಔಷಧಿ ಅದೇ. ಅಜ್ಜಿ ಎರಡನ್ನೂ ನುಂಗುತ್ತಿದ್ದರು. ಬೆಳಗ್ಗೆ ವಾಕರ್ ಹಿಡಿದು ನಿಂತಾಗ ಕಣ್ಣು ಕತ್ತಲೆ ಬರುತ್ತದೆ ಎಂದು ಹೇಳುತ್ತಲೇ ಇದ್ದರು. ಎಲ್ಲರೂ ನಿಶ್ಶಕ್ತಿ ಎಂದುಕೊಂಡಿದ್ದರು. ಕೂತಾಗ ಬಿಪಿ 124/76. ನಿಂತಾಗ 98/60. ಮೇಲಿನ ಸಂಖ್ಯೆ 20ಕ್ಕಿಂತ ಜಾಸ್ತಿ ಇಳಿದರೆ ಬೀಳುವ ಅಪಾಯ. ಈಗಷ್ಟೇ ಸೊಂಟ ಮುರಿದುಕೊಂಡವರಿಗೆ ಇನ್ನೊಂದು ಬೀಳುವಿಕೆ ಎಂದರೆ ಹೇಳಬೇಕಾ? ಆಸ್ಪತ್ರೆಯ ಡಾಕ್ಟರಿಗೆ ಫೋನಿನಲ್ಲೇ ತಿಳಿಸಿದೆವು, ಒಂದನ್ನು ನಿಲ್ಲಿಸಿದರು.

ಅದೇ ಡಬ್ಬಿಯಲ್ಲಿ ಪಕ್ಕದ ಮನೆಯವರು ಪ್ರೀತಿಯಿಂದ ಕೊಟ್ಟ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ಪಟ್ಟಿಯೂ ಇತ್ತು. ಎನೋಕ್ಸಾಪರಿನ್ ನಡೆಯುತ್ತಿರುವಾಗ ಅದು ರಕ್ತಸ್ರಾವಕ್ಕೆ ದಾರಿ. ಅದೃಷ್ಟ, ಒಂದೂ ನುಂಗಿರಲಿಲ್ಲ.

ಮನೆಗೆ ಬಂದ ಮೊದಲ ದಿನವೇ ಹಳೆ ಔಷಧಿ, ಹೊಸ ಔಷಧಿ ಎರಡನ್ನೂ ಒಂದೇ ಹಾಸಿಗೆ ಮೇಲೆ ಹರಡಿ, ಚೀಟಿ ಹಿಡಿದು ಒಂದೊಂದಾಗಿ ತಾಳೆ ನೋಡಬೇಕು. ಕಂಪನಿ ಇಟ್ಟ ಹೆಸರಲ್ಲ, ಮಾತ್ರೆ ಪಟ್ಟಿಯ ಹಿಂದೆ ಸಣ್ಣಕ್ಷರದಲ್ಲಿರುವ ಔಷಧಿಯ ಹೆಸರನ್ನು ಓದಬೇಕು. ಈ ಮನೆಯಲ್ಲಿ ಅದು ಆದದ್ದು ಹೆದರಿಕೆ ಆದ ಮೇಲೆ.

ಗಾಯ

ಗಾಯದ ವಿಷಯ ಸಲೀಸಾಗಿ ಮುಗಿಯಿತು. ದಿನಾ ಡ್ರೆಸ್ಸಿಂಗ್ ಮಾಡಬೇಕು ಎಂಬುದು ಮನೆಯವರ ಒತ್ತಾಯ. ಒಣಗಿರುವ, ಶುಚಿಯಾದ ಡ್ರೆಸ್ಸಿಂಗನ್ನು ಸುಮ್ನೆ ಬಿಚ್ಚಿದರೆ ಸೋಂಕಿಗೆ ಬಾಗಿಲು ತೆರೆದ ಹಾಗೆ. ನಿಜವಾದ ಕಾಟ ನೆಂಟರದ್ದು. 'ಎಷ್ಟು ಉದ್ದ ಕೊಯ್ದಿದ್ದಾರೆ ನೋಡೋಣ' ಎಂದು ಪ್ಲಾಸ್ಟರ್ ಅಂಚು ಎತ್ತಿ ನೋಡುವವರು! ಡ್ರೆಸ್ಸಿಂಗ್ ಮೇಲೆ ತಾರೀಕು ಬರೆದು, 'ಸಿಸ್ಟರ್ ಬಂದಾಗ ಮಾತ್ರ' ಎಂದು ಸ್ಕೆಚ್ ಪೆನ್ನಿನಲ್ಲಿ ಬರೆದೆ. ಒಂಬತ್ತನೇ ದಿನ ಕೆಳ ತುದಿಯಲ್ಲಿ ಸ್ವಲ್ಪ ಕೆಂಪು ಕಂಡಿತು. ಕೆಂಪಿನ ಸುತ್ತ ಪೆನ್ನಿನಲ್ಲಿ ಗೆರೆ ಹಾಕಿ, ಫೋಟೋ ತೆಗೆದು ಡಾಕ್ಟರಿಗೆ ಕಳಿಸಿದೆವು. ಗೆರೆ ದಾಟಿದರೆ, ಕೀವು ಬಂದರೆ, ಜ್ವರ ಬಂದರೆ ತಕ್ಷಣ ಬರಬೇಕು ಎಂದರು. ದಾಟಲಿಲ್ಲ. ಹದಿನಾಲ್ಕನೇ ದಿನ ಹೊಲಿಗೆ ಬಿಚ್ಚಿದರು.

ಅಜ್ಜಿ ಕೇಳದ ಮಾತು

ಕಾಲ ಮೇಲೆ ಕಾಲು ಹಾಕಬಾರದು, ಚಕ್ಕಳಮಕ್ಕಳ ಕೂರಬಾರದು, ಬಗ್ಗಿ ಕೆಳಗಿನದ್ದು ಎತ್ತಬಾರದು. ಇದನ್ನೆಲ್ಲ ಅಜ್ಜಿ ಒಪ್ಪಿಕೊಂಡರು. ಒಪ್ಪದ್ದು ಒಂದೇ: ರಾತ್ರಿ ಮೂತ್ರಕ್ಕೆ ಎದ್ದಾಗ ಸೊಸೆಯನ್ನು ಕರೆಯುವುದು. ಮೊದಲು ಗಂಟೆ ಇಡೋಣ ಎಂದರು. ಮನೆಯಲ್ಲಿ ಇದ್ದದ್ದು ಪೂಜೆಯ ಗಂಟೆ. 'ದೇವರ ಗಂಟೆ ಕಮೋಡಿಗೆ ಬಾರಿಸೋದಾ?' ಎಂದು ಅಜ್ಜಿ ಬೈದರು. ವೈರ್ ಇಲ್ಲದ ಕಾಲಿಂಗ್ ಬೆಲ್ ತಂದರು. ಅದನ್ನೂ ಒತ್ತಲಿಲ್ಲ. 'ಪಾಪ, ಬೆಳಗ್ಗೆಯಿಂದ ದುಡೀತಾಳೆ, ಹೇಗೆ ಎಬ್ಬಿಸಲಿ?' ಅಂತ. ಒಂದು ರಾತ್ರಿ ಒಬ್ಬರೇ ವಾಕರ್ ಹಿಡಿದು ಬಾಗಿಲವರೆಗೆ ಹೋಗಿದ್ದರು.

ರೋಗಿ ಮಾತು ಕೇಳುತ್ತಿಲ್ಲ ಎಂದು ಬರೆದು ಕೈ ತೊಳೆದುಕೊಳ್ಳುವುದು ಸುಲಭ. ಅವರ ಕಾಳಜಿಯಲ್ಲಿ ತಪ್ಪೇನಿತ್ತು? ಸೊಸೆ ನಿಜವಾಗಿಯೂ ಸುಸ್ತಾಗಿದ್ದರು. ಹಗಲು ಅಡುಗೆ, ರಾತ್ರಿ ಎಚ್ಚರ, ಸೂಜಿಯೂ ಅವರದ್ದೇ. ಇನ್ಸುಲಿನ್ ಎರಡು ಸಲ ಕೊಡುವ ತಪ್ಪು ಹುಟ್ಟುವುದೇ ಇಂಥ ನಿದ್ದೆಗೆಟ್ಟ ಕಣ್ಣಿನಿಂದ. ವಾರದಲ್ಲಿ ನಾಲ್ಕು ರಾತ್ರಿ ಮಗ ಅಮ್ಮನ ರೂಮಿನಲ್ಲಿ ಮಲಗಬೇಕೆಂದು ಕೂತು ಮಾತಾಡಿ ಒಪ್ಪಿಸಿದೆವು. ಅಜ್ಜಿ ಕರೆಯಲಿ ಎಂದು ಕಾಯುವ ಬದಲು ಎರಡು ಗಂಟೆಗೆ ಅಲಾರಂ ಇಟ್ಟು ರೂಮಿನಲ್ಲಿ ಮಲಗಿದವರೇ ಎಬ್ಬಿಸುವುದು ಎಂದಾಯಿತು. ಮಗನನ್ನು ಎಬ್ಬಿಸಲು ಅಜ್ಜಿಗೆ ಅಷ್ಟು ಸಂಕೋಚ ಇರಲಿಲ್ಲ!

ಆಮೇಲೆ

ಆರು ವಾರದ ಚೆಕಪ್ಪಿಗೆ ಅಜ್ಜಿ ವಾಕರ್ ಹಿಡಿದು ತಾವೇ ನಡೆದು ಹೋದರು. ಗಾಯ ಮಾಯ್ದಿತ್ತು, ಬೆನ್ನಿನ ಮೇಲೆ ಹುಣ್ಣಾಗಿರಲಿಲ್ಲ, ಮತ್ತೆ ಬಿದ್ದಿರಲಿಲ್ಲ. ಶುಗರ್ ಮತ್ತೆ 70ರ ಕೆಳಗೆ ಇಳಿದ ದಾಖಲೆ ಇಲ್ಲ.

ಕೊನೆಯವರೆಗೂ ಕಾಡಿದ್ದು ಆ ಸೂಜಿ ಡಬ್ಬ. ಮುಕ್ಕಾಲು ತುಂಬಿತ್ತು. ಮನೆ ಕಸಕ್ಕೆ ಹಾಕಿದರೆ ಬೆಳಗ್ಗೆ ಕಸ ವಿಂಗಡಿಸುವ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ. ಮೆಡಿಕಲ್ ಸ್ಟೋರಿನವರು ನಮಗೆ ಬೇಡ ಎಂದರು. ಆಸ್ಪತ್ರೆಗಳಿಗೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಸೂಜಿಗೆ ಬಿಳಿ, ತೂತಾಗದ ಡಬ್ಬ, ಅದನ್ನು ಒಯ್ಯಲು ಗಾಡಿ ಎಲ್ಲ ಇರುತ್ತದೆ. ಮುಚ್ಚಳಕ್ಕೆ ಟೇಪ್ ಸುತ್ತಿ ಚೆಕಪ್ಪಿಗೆ ಹೋದಾಗ ತೆಗೆದುಕೊಂಡು ಹೋದರು. ಒಪಿಡಿಯಲ್ಲಿ ಮೊದಲು ಒಪ್ಪಲಿಲ್ಲ, ಸೋಂಕು ನಿಯಂತ್ರಣದ ನರ್ಸನ್ನು ಕರೆಸಿದ ಮೇಲೆ ತೆಗೆದುಕೊಂಡರು. ಈಗ ಮನೆಗೆ ಸೂಜಿ ಔಷಧಿ ಬರೆದುಕೊಟ್ಟ ರೋಗಿ ಸಿಕ್ಕರೆ, ತುಂಬಿದ ಡಬ್ಬ ವಾಪಸ್ ಪಡೆಯುತ್ತೀರಾ ಎಂದು ಡಿಸ್ಚಾರ್ಜ್ ದಿನವೇ ವಾರ್ಡಿನಲ್ಲಿ ಕೇಳಿ, ಹೂಂ ಎಂದವರ ಹೆಸರನ್ನು ಚೀಟಿಯ ಹಿಂದೆ ಬರೆಸಿಕೊಳ್ಳಲು ಮನೆಯವರಿಗೆ ಹೇಳುತ್ತೇನೆ.